ಜೈಲಿನಿಂದ ಬಂದ ಅರ್ಜಿ: ಜಸ್ಟಿಸ್ ಸಯ್ಯದ್ ಮಹಮೂದ್ ಅವರ ಬದುಕು

ಸರ್ ಸಯ್ಯದ್ ಅಹ್ಮದ್ ಖಾನರ ಹೆಸರನ್ನು ಕೇಳದವರು ನಮ್ಮ ಸಂಘ ಸಂಸ್ಥೆಗಳಲ್ಲಿ ಯಾರೂ ಇರಲಾರರು. ಮುಸ್ಲಿಮರ ಆಧುನಿಕ ಶಿಕ್ಷಣದ ಮಾತು ಬಂದಾಗಲೆಲ್ಲ ಅವರ ನೆನಪು ಬಂದೇ ಬರುತ್ತದೆ. ಆದರೆ ಅವರ ಎರಡನೆಯ ಮಗ ಸಯ್ಯದ್ ಮಹಮೂದರ ಬಗ್ಗೆ ತಿಳಿದವರು ಕಡಿಮೆ. ತಿಳಿದವರಲ್ಲೂ ಹಲವರು ಅವರ ಕೊನೆಯ ದಿನಗಳ ದುರಂತವನ್ನಷ್ಟೇ ನೆನೆದು ನಿಟ್ಟುಸಿರು ಬಿಡುತ್ತಾರೆ. ಅಲಹಾಬಾದ್ ಹೈಕೋರ್ಟಿನ ಮೊದಲ ಭಾರತೀಯ ನ್ಯಾಯಾಧೀಶರು, ಬ್ರಿಟಿಷ್ ಭಾರತದ ಯಾವುದೇ ಹೈಕೋರ್ಟಿನಲ್ಲಿ ಕುಳಿತ ಮೊದಲ ಮುಸ್ಲಿಂ ನ್ಯಾಯಾಧೀಶರು ಎಂಬ ಗೌರವ ಅವರದು. ಆದರೆ ಈ ಲೇಖನದಲ್ಲಿ ಅವರನ್ನು ನೆನೆಯುತ್ತಿರುವುದು 'ಮೊದಲಿಗರು' ಎಂಬ ಕಾರಣಕ್ಕಲ್ಲ. ಜೈಲಿನಲ್ಲಿ ಕೊಳೆಯುತ್ತಿದ್ದ, ವಕೀಲರನ್ನಿಡಲು ಕಾಸಿಲ್ಲದ ಕೈದಿಯ ಮೇಲ್ಮನವಿಯನ್ನು ಅವನ ಮಾತು ಕೇಳದೆಯೇ ತೀರ್ಮಾನಿಸಬಹುದೇ ಎಂಬ ಪ್ರಶ್ನೆಗೆ 1891ರಲ್ಲಿ ಅವರು ಕೊಟ್ಟ ಉತ್ತರಕ್ಕಾಗಿ.

ಸಯ್ಯದ್ ಮಹಮೂದರು 1850ರ ಮೇ 24ರಂದು ದೆಹಲಿಯಲ್ಲಿ ಜನಿಸಿದರು. ತಂದೆ ಆಗ ಕಂಪನಿ ಸರಕಾರದ ನ್ಯಾಯಾಂಗ ಇಲಾಖೆಯಲ್ಲಿದ್ದರು. 1841ರಲ್ಲಿ ಮೈನ್‌ಪುರಿಯ ಮುನ್ಸೀಫರಾಗಿ ನೇಮಕಗೊಂಡ ಸರ್ ಸಯ್ಯದರು ಮುಂದೆ ಬಿಜನೌರ್, ಮೊರಾದಾಬಾದ್, ಗಾಝೀಪುರ, ಅಲಿಗಢ, ಬನಾರಸ್ ಎಂದು ವರ್ಗವಾಗುತ್ತ 1876ರಲ್ಲಿ ನಿವೃತ್ತರಾದರು. ಹಾಗಾಗಿ ಮಹಮೂದರು ಬೆಳೆದದ್ದು ಒಬ್ಬ ನ್ಯಾಯಾಧೀಶರ ಮನೆಯಲ್ಲಿ. ವಾದಿ, ಪ್ರತಿವಾದಿ, ಸಾಕ್ಷಿ, ಫೈಸಲಾ ಎಂಬ ಮಾತುಗಳು ಆ ಮನೆಗೆ ಹೊಸದಾಗಿರಲಿಲ್ಲ. 1857ರ ದಂಗೆಯ ಕಾಲದಲ್ಲಿ ಅವರಿಗೆ ಏಳು ವರ್ಷ. ದೆಹಲಿಯ ಹಳೆಯ ಮುಸ್ಲಿಂ ಮನೆತನಗಳು ಚೆದುರಿ ಹೋದದ್ದನ್ನು ಆ ತಲೆಮಾರಿನ ಎಲ್ಲ ಮಕ್ಕಳಂತೆ ಅವರೂ ನೋಡಿ ಬೆಳೆದರು.

ಮನೆಯಲ್ಲಿ ಅರಬ್ಬಿ, ಪಾರಸಿ ಕಲಿತು, ದೆಹಲಿಯಲ್ಲೂ ಬನಾರಸಿನ ಕ್ವೀನ್ಸ್ ಕಾಲೇಜಿನಲ್ಲೂ ಇಂಗ್ಲಿಷ್ ಓದಿ, 1868ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಶನ್ ಮುಗಿಸಿದರು. ಮರು ವರ್ಷ ವಾಯವ್ಯ ಪ್ರಾಂತ್ಯದ ಸರಕಾರಿ ವಿದ್ಯಾರ್ಥಿವೇತನ ದೊರೆತು ಇಂಗ್ಲೆಂಡಿಗೆ ಹೊರಟರು. ತಂದೆಯೂ ಜೊತೆಗೆ ಹೊರಟರು, ಅಣ್ಣ ಸಯ್ಯದ್ ಹಾಮಿದರೂ ಇದ್ದರು. ಈ ಪ್ರಯಾಣಕ್ಕಾಗಿ ಸರ್ ಸಯ್ಯದರು ಮನೆಯನ್ನು ಅಡವಿಟ್ಟು ಸಾಲ ಮಾಡಿದ್ದರೆಂಬುದನ್ನು ಇಂದು ವಿದ್ಯಾರ್ಥಿವೇತನದ ಅರ್ಜಿ ತುಂಬುವ ನಮ್ಮ ಮಕ್ಕಳಿಗೆ ಹೇಳಬೇಕು. ಇಂಗ್ಲಿಷ್ ಅಷ್ಟಾಗಿ ಬಾರದ ತಂದೆಗೆ ಲಂಡನ್ನಿನಲ್ಲಿ ಮಗನೇ ಕಣ್ಣು ಕಿವಿ. ಮಹಮೂದರು ಲಿಂಕನ್ಸ್ ಇನ್‌ಗೆ ಸೇರಿ ಕಾನೂನು ಓದಿದರು, ಕೇಂಬ್ರಿಜಿನ ಕ್ರೈಸ್ಟ್ಸ್ ಕಾಲೇಜಿನಲ್ಲೂ ವ್ಯಾಸಂಗ ಮಾಡಿದರು. 1872ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿ, ಅಲಹಾಬಾದ್ ಹೈಕೋರ್ಟಿನಲ್ಲಿ ವಕೀಲಿ ಆರಂಭಿಸಿದರು. ಆಗ ಅವರಿಗೆ 22 ವರ್ಷ.

ಊರಿಗೆ ಬಂದ ಕೆಲವೇ ತಿಂಗಳಲ್ಲಿ, 1873ರ ಫೆಬ್ರವರಿಯಲ್ಲಿ, ಮುಸ್ಲಿಮರಿಗಾಗಿ ಒಂದು ಸ್ವತಂತ್ರ ವಿದ್ಯಾಪೀಠದ ಯೋಜನೆಯನ್ನು ಬರೆದು ಸಮಿತಿಯ ಮುಂದಿಟ್ಟರು. ಕೇಂಬ್ರಿಜ್ ಅವರ ಕಣ್ಣ ಮುಂದಿತ್ತು. ಓದುವವರೂ ಓದಿಸುವವರೂ ಒಂದೇ ಆವರಣದಲ್ಲಿ ವಾಸಿಸಬೇಕು, ಸಂಸ್ಥೆ ಸರಕಾರದ ಹಿಡಿತದಿಂದ ಹೊರಗಿರಬೇಕು ಎಂಬುದು ಅವರ ಆಶಯ. 1875ರಲ್ಲಿ ಅಲಿಗಢದಲ್ಲಿ ಶಾಲೆ ಆರಂಭವಾದದ್ದು ಮೇ 24ರಂದು. ರಾಣಿ ವಿಕ್ಟೋರಿಯಾಳ ಜನ್ಮದಿನವೆಂದು ಆ ದಿನವನ್ನು ಆರಿಸಿದ್ದರು. ಅದು ಮಹಮೂದರ ಜನ್ಮದಿನವೂ ಹೌದು. 1877ರ ಜನವರಿಯಲ್ಲಿ ಕಾಲೇಜಿನ ಶಿಲಾನ್ಯಾಸವಾಯಿತು. ಅಂದಿನ ಯೋಜನೆ 1920ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾನಿಲಯವಾಗಿ ಕೈಗೂಡಿದಾಗ ತಂದೆ ಮಗ ಇಬ್ಬರೂ ಇರಲಿಲ್ಲ.

ಶಿಕ್ಷಣದ ಈ ಕೆಲಸದ ಜೊತೆಗೆ ಕಾನೂನಿನ ಕೆಲಸವೂ ನಡೆದಿತ್ತು. 1872ರ ಸಾಕ್ಷ್ಯ ಅಧಿನಿಯಮವನ್ನು ಉರ್ದುವಿನಲ್ಲಿ ವಿವರಿಸಿ ಬರೆದರು. ಇಂಗ್ಲಿಷ್ ತಿಳಿಯದ ಕೆಳ ಕೋರ್ಟುಗಳ ವಕೀಲರಿಗೆ ಅದರ ಅಗತ್ಯ ಬಹಳವಿತ್ತು. 1879ರಲ್ಲಿ ಅವಧ್ ಪ್ರಾಂತ್ಯದಲ್ಲಿ ಜಿಲ್ಲಾ ನ್ಯಾಯಾಧೀಶರಾದರು. 1881ರಲ್ಲಿ ಸಾಲಾರ್ ಜಂಗರ ಕೋರಿಕೆಯಂತೆ ಹೈದರಾಬಾದಿನ ನ್ಯಾಯಾಂಗವನ್ನು ಸರಿಪಡಿಸುವ ಕೆಲಸಕ್ಕೆ ಸ್ವಲ್ಪ ಕಾಲ ಹೋಗಿದ್ದರು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದಲ್ಲಿ ತಂದೆ ಬಿಟ್ಟ ಸ್ಥಾನವನ್ನು ತುಂಬಿದರು. ಅದೇ ವರ್ಷ ಅಲಹಾಬಾದ್ ಹೈಕೋರ್ಟಿನ ಹಂಗಾಮಿ ನ್ಯಾಯಾಧೀಶರಾಗಿ ಕರೆ ಬಂತು. ಕೆಲವು ಸಲ ಹೀಗೆ ಹಂಗಾಮಿಯಾಗಿ ಕುಳಿತ ಮೇಲೆ 1887ರಲ್ಲಿ ಖಾಯಂ ಆದರು. ವಯಸ್ಸು 37.

ಆ ವರ್ಷಗಳ ಗಾಳಿ ಹೇಗಿತ್ತೆಂಬುದನ್ನು ಮರೆಯಬಾರದು. 1883ರ ಇಲ್ಬರ್ಟ್ ಮಸೂದೆಯ ಗಲಾಟೆ ಅದೇ ಕಾಲದ್ದು. ಭಾರತೀಯ ಅಧಿಕಾರಿಯೊಬ್ಬ ಯುರೋಪಿಯನ್ ಆರೋಪಿಯ ವಿಚಾರಣೆ ನಡೆಸುವುದು ಎಂದರೆ ಬಿಳಿಯರು ರೊಚ್ಚಿಗೆದ್ದು ಸಭೆ ಸೇರಿಸುತ್ತಿದ್ದರು. ಅಂಥ ಕಾಲದಲ್ಲಿ ಒಬ್ಬ ಭಾರತೀಯ, ಅದೂ ಮೂವತ್ತೆರಡರ ಯುವಕ, ಹೈಕೋರ್ಟಿನ ಪೀಠದಲ್ಲಿ ಇಂಗ್ಲಿಷ್ ನ್ಯಾಯಾಧೀಶರ ಪಕ್ಕ ಕುಳಿತ. ಕುಳಿತು ಸುಮ್ಮನಿರಲಿಲ್ಲ, ಮತ್ತೆ ಮತ್ತೆ ಅವರಿಗಿಂತ ಬೇರೆಯಾದ ಅಭಿಪ್ರಾಯ ಬರೆದ.

ಇಲ್ಲಿ ಕ್ರಿಮಿನಲ್ ಮೇಲ್ಮನವಿಯ ಬಗ್ಗೆ ಸ್ವಲ್ಪ ವಿವರಿಸಬೇಕು. ಇಲ್ಲದಿದ್ದರೆ ಮಹಮೂದರು ಮಾಡಿದ ಕೆಲಸದ ತೂಕ ತಿಳಿಯುವುದಿಲ್ಲ.

ಭಾರತೀಯ ದಂಡ ಸಂಹಿತೆ 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಿಂದ ಜಾರಿಗೆ ಬಂತು. ಅದಕ್ಕೆ ಮುಂಚೆ ಉತ್ತರ ಭಾರತದ ಕಂಪನಿ ನ್ಯಾಯಾಲಯಗಳಲ್ಲಿ ಇಸ್ಲಾಮೀ ಅಪರಾಧ ಕಾನೂನೇ, ಬ್ರಿಟಿಷರ ತಿದ್ದುಪಡಿಗಳೊಂದಿಗೆ, ನಡೆಯುತ್ತಿತ್ತು. ಅದರಲ್ಲಿ ಹುದೂದ್, ಕಿಸಾಸ್ ಎಂಬ ನಿಗದಿತ ಶಿಕ್ಷೆಗಳ ಜೊತೆ ತಅಝೀರ್ ಎಂಬ ವಿಭಾಗವಿದೆ ಎಂಬುದನ್ನು ಮದ್ರಸದಲ್ಲಿ ಓದಿದವರು ಬಲ್ಲರು. ತಅಝೀರ್‌ನಲ್ಲಿ ಶಿಕ್ಷೆ ಎಷ್ಟೆಂಬುದು ಖಾಝಿಯ ವಿವೇಚನೆಗೆ ಬಿಟ್ಟದ್ದು. ಅಪರಾಧಿಯ ಸ್ಥಿತಿಗತಿ, ಅಪರಾಧದ ಸ್ವರೂಪ, ಪಶ್ಚಾತ್ತಾಪ ಇವನ್ನೆಲ್ಲ ಅವನು ತೂಗಬೇಕು. ಬ್ರಿಟಿಷರು ಈ ವಿವೇಚನೆಯನ್ನು ಅಸ್ಥಿರವೆಂದು ದೂರುತ್ತಿದ್ದರು. ಆದರೆ ಅವರೇ ಬರೆದ ದಂಡ ಸಂಹಿತೆಯನ್ನು ತೆರೆದು ನೋಡಿದರೆ ಅಲ್ಲಿಯೂ ವಿವೇಚನೆಯೇ ತುಂಬಿದೆ. ಕಳವಿಗೆ ಮೂರು ವರ್ಷದ ವರೆಗೆ ಸಜೆ ಎಂದಿದೆಯೇ ಹೊರತು ಕನಿಷ್ಠ ಎಷ್ಟೆಂದಿಲ್ಲ. ಒಬ್ಬ ಮ್ಯಾಜಿಸ್ಟ್ರೇಟ್ ಒಂದು ವಾರ ಕೊಡಬಹುದು, ಪಕ್ಕದ ಜಿಲ್ಲೆಯವನು ಎರಡು ವರ್ಷ ಕೊಡಬಹುದು. ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ ಕರಿನೀರು. ಯಾವುದೆಂಬುದು ಜಡ್ಜ್ ಸಾಹೇಬರಿಗೆ ಬಿಟ್ಟದ್ದು. ಅಂದಿನ ಕಾನೂನು ಎತ್ತ ವಾಲಿತ್ತೆಂದರೆ, ಮರಣದಂಡನೆ ಕೊಡದಿದ್ದರೆ ಯಾಕೆ ಕೊಡಲಿಲ್ಲವೆಂದು ಜಡ್ಜ್ ಕಾರಣ ಬರೆಯಬೇಕಿತ್ತು. ಈ ನಿಯಮ ಹೋದದ್ದು 1955ರಲ್ಲಿ. 1973ರ ಸಂಹಿತೆ ಅದನ್ನು ತಿರುವುಮುರುವು ಮಾಡಿ, ಮರಣದಂಡನೆ ಕೊಡುವುದಾದರೆ ವಿಶೇಷ ಕಾರಣ ಬರೆಯಬೇಕೆಂದಿತು.

ಹೀಗೆ ಕೆಳಗಿನವರಿಗೆ ಇಷ್ಟು ದೊಡ್ಡ ವಿವೇಚನೆ ಕೊಟ್ಟಾಗ ಅದನ್ನು ತಿದ್ದಲು ಮೇಲೊಂದು ಕೈ ಬೇಕು. ಅದೇ ಮೇಲ್ಮನವಿ. ವಿಚಿತ್ರವೆಂದರೆ, ಈ ವಿಷಯದಲ್ಲಿ ಭಾರತ ಇಂಗ್ಲೆಂಡಿಗಿಂತ ಮುಂದಿತ್ತು. ಇಂಗ್ಲೆಂಡಿನಲ್ಲಿ ಜ್ಯೂರಿಯ ಮುಂದೆ ಶಿಕ್ಷೆಯಾದವನಿಗೆ ಮೇಲ್ಮನವಿಯ ಸಾಮಾನ್ಯ ಹಕ್ಕು ಬಂದದ್ದು 1907ರಲ್ಲಿ. ಇಲ್ಲಿ 1861ರ ಪ್ರಕ್ರಿಯಾ ಸಂಹಿತೆಯಿಂದಲೇ ಇತ್ತು. 1872ರ ಸಂಹಿತೆಯಲ್ಲಿ ಮೇಲ್ಮನವಿ ನ್ಯಾಯಾಲಯವು ಶಿಕ್ಷೆಯನ್ನು ಹೆಚ್ಚಿಸಲೂ ಬಹುದಿತ್ತು, ಅಂದರೆ ನ್ಯಾಯ ಕೇಳಲು ಹೋದವನು ಇನ್ನಷ್ಟು ಶಿಕ್ಷೆ ಹೊತ್ತು ಬರುವ ಭಯವಿತ್ತು. 1882ರ ಸಂಹಿತೆ ಈ ಭಯವನ್ನು ತೆಗೆಯಿತು. ಅಪರಾಧಿಯ ಮೇಲ್ಮನವಿಯಲ್ಲಿ ನ್ಯಾಯಾಲಯ ಅವನನ್ನು ಖುಲಾಸೆ ಮಾಡಬಹುದು, ಮರುವಿಚಾರಣೆಗೆ ಕಳಿಸಬಹುದು, ಶಿಕ್ಷೆ ಕಡಿಮೆ ಮಾಡಬಹುದು, ಅದರ ಸ್ವರೂಪ ಬದಲಿಸಬಹುದು, ಆದರೆ ಹೆಚ್ಚಿಸುವಂತಿಲ್ಲ. ಹೆಚ್ಚಿಸಬೇಕಾದರೆ ಹೈಕೋರ್ಟು ಪುನರ್‌ಪರಿಶೀಲನಾ ಅಧಿಕಾರದಲ್ಲಿ, ಆರೋಪಿಗೆ ಮಾತಾಡಲು ಅವಕಾಶ ಕೊಟ್ಟೇ ಮಾಡಬೇಕು.

ಕಾಗದದ ಮೇಲೆ ಇದೆಲ್ಲ ಚೆನ್ನಾಗಿಯೇ ಇತ್ತು. ತೊಡಕು ಇದ್ದದ್ದು ಬೇರೆ ಕಡೆ.

ಮೇಲ್ಮನವಿ ಸಲ್ಲಿಸಲು ಎರಡು ದಾರಿಗಳಿದ್ದವು. ಹಣವಿದ್ದವನು ವಕೀಲರ ಮೂಲಕ ಹೈಕೋರ್ಟಿಗೆ ಅರ್ಜಿ ಹಾಕುತ್ತಿದ್ದ. ಹಣವಿಲ್ಲದ ಕೈದಿ ಜೈಲಿನ ಅಧಿಕಾರಿಗೆ ಅರ್ಜಿ ಕೊಡುತ್ತಿದ್ದ, ಆ ಅಧಿಕಾರಿ ಅದನ್ನು ಮುಂದಕ್ಕೆ ರವಾನಿಸುತ್ತಿದ್ದ. ವಕೀಲರ ಮೂಲಕ ಬಂದ ಅರ್ಜಿಯನ್ನು ಅವರ ಮಾತು ಕೇಳದೆ ತಳ್ಳಿಹಾಕಬಾರದೆಂದು ಸಂಹಿತೆ ಹೇಳಿತ್ತು. ಜೈಲಿನಿಂದ ಬಂದ ಅರ್ಜಿಗೆ ಆ ರಕ್ಷಣೆ ಇರಲಿಲ್ಲ. ಮೊದಲ ನೋಟದಲ್ಲಿ ತಳ್ಳಿಹಾಕದೆ ಉಳಿಸಿಕೊಂಡರೂ ವಿಚಾರಣೆಯ ದಿನ ಮತ್ತು ಸ್ಥಳದ ನೋಟೀಸು ಜೈಲಿಗೆ ಹೋಗುತ್ತಿತ್ತು. ಮೇಲ್ಮನವಿದಾರ ಅಥವಾ ಅವನ ವಕೀಲ ಹಾಜರಾದರೆ ಅವರ ಮಾತು ಕೇಳಿ ತೀರ್ಪು ಕೊಡಬೇಕೆಂದು ಕಾನೂನು. ಹಾಜರಾದರೆ! ನೂರಾರು ಮೈಲಿ ದೂರದ ಜೈಲಿನಲ್ಲಿ ಬೇಡಿ ಹಾಕಿಸಿಕೊಂಡು ಕೂತವನು ಅಲಹಾಬಾದಿಗೆ ಹೇಗೆ ಹಾಜರಾಗಬೇಕು? ಕರೆತರುವ ಅಧಿಕಾರ ಅವನ ಕೈಯಲ್ಲಿಲ್ಲ, ಸರಕಾರದ ಕೈಯಲ್ಲಿದೆ. ಸರಕಾರವೇ ಅವನ ಎದುರು ಪಕ್ಷ.

ಅಲಹಾಬಾದಿನ ರೂಢಿಯಲ್ಲಿ ಇದು ಯಾರಿಗೂ ಅಷ್ಟಾಗಿ ಕಾಡಿರಲಿಲ್ಲ. ನೋಟೀಸು ಕೊಟ್ಟಾಯಿತು, ಹಾಜರಾಗಲಿಲ್ಲ, ದಾಖಲೆ ಓದಿ ತೀರ್ಪು ಕೊಟ್ಟಾಯಿತು. ಮಹಮೂದರನ್ನು ಮಾತ್ರ ಇದು ಕಾಡಿತು. 'ಕ್ವೀನ್ ಎಂಪ್ರೆಸ್ ವಿರುದ್ಧ ಪೋಹ್ಪಿ' ಎಂಬ ಪ್ರಕರಣದಲ್ಲಿ ಈ ಪ್ರಶ್ನೆ ಪೂರ್ಣ ಪೀಠದ ಮುಂದೆ ಬಂತು. 1891ರ ವರದಿಗಳಲ್ಲಿ ಅದು ಅಚ್ಚಾಗಿದೆ. ಪೀಠದ ಉಳಿದ ನ್ಯಾಯಾಧೀಶರು ರೂಢಿಯನ್ನೇ ಎತ್ತಿ ಹಿಡಿದರು. ಸಂಹಿತೆ ನೋಟೀಸು ಕೊಡಿ ಎಂದಿದೆ, ಕೈದಿಯನ್ನು ಕರೆತನ್ನಿ ಎಂದಿಲ್ಲ ಎಂಬುದು ಅವರ ನಿಲುವು. ಮಹಮೂದರು ಒಬ್ಬರೇ ಭಿನ್ನ ತೀರ್ಪು ಬರೆದರು.

ಅವರ ವಾದದ ತಿರುಳು ಹೀಗೆ. ಯಾರ ವಿರುದ್ಧ ತೀರ್ಮಾನವಾಗಲಿದೆಯೋ ಅವನ ಮಾತನ್ನು ಕೇಳಬೇಕೆಂಬುದು ಯಾವುದೇ ಸಂಹಿತೆಗಿಂತ ಹಳೆಯ ನಿಯಮ. ಶಾಸನದ ಪದಗಳನ್ನು ಆ ನಿಯಮಕ್ಕೆ ಹೊಂದುವಂತೆ ಓದಬೇಕು. ಹಾಜರಾಗಲು ಸ್ವಾತಂತ್ರ್ಯವಿರುವವನು ಹಾಜರಾಗದಿದ್ದರೆ ಅದು ಅವನ ತಪ್ಪು. ಆ ಸ್ವಾತಂತ್ರ್ಯವನ್ನು ಸರಕಾರವೇ ಕಸಿದುಕೊಂಡಿರುವಾಗ ಅವನು ಹಾಜರಾಗಲಿಲ್ಲವೆಂದು ಹೇಳುವುದರಲ್ಲಿ ಅರ್ಥವಿಲ್ಲ. ಅಂಥವನಿಗೆ ಕಳಿಸಿದ ನೋಟೀಸು ನೋಟೀಸೇ ಅಲ್ಲ. ಹಣವಿರುವ ಕೈದಿಯ ಮಾತನ್ನು ವಕೀಲರ ಬಾಯಿಂದ ಕೇಳಿ, ಹಣವಿಲ್ಲದವನ ಮಾತನ್ನು ಕೇಳದೆ ಬಿಟ್ಟರೆ ಒಂದೇ ಕಾನೂನು ಇಬ್ಬರಿಗೆ ಎರಡು ಬಗೆಯಾಗುತ್ತದೆ. ಆದ್ದರಿಂದ ಅವನು ಖುದ್ದಾಗಿ ಅಥವಾ ಪ್ರತಿನಿಧಿಯ ಮೂಲಕ ನ್ಯಾಯಾಲಯದ ಮುಂದಿಲ್ಲದೆ ಅವನ ಮೇಲ್ಮನವಿಯನ್ನು ತೀರ್ಮಾನಿಸಲಾಗದು.

ಇದು ಶಿಕ್ಷೆಯ ಪ್ರಮಾಣಕ್ಕೆ ಹೇಗೆ ಸಂಬಂಧಿಸಿದೆ ಎಂದು ಕಾನೂನು ಓದುವ ನಮ್ಮ ವಿದ್ಯಾರ್ಥಿ ಮಿತ್ರರು ಕೇಳಬಹುದು. ನನ್ನ ಮಟ್ಟಿಗೆ ಪೋಹ್ಪಿ ಪ್ರಕರಣದ ನಿಜವಾದ ಮಹತ್ವ ಇರುವುದೇ ಅಲ್ಲಿ. ಮೇಲ್ಮನವಿಯಲ್ಲಿ ಎರಡು ಪ್ರಶ್ನೆಗಳಿರುತ್ತವೆ. ಇವನು ಅಪರಾಧ ಮಾಡಿದನೇ ಎಂಬುದು ಒಂದು. ಮಾಡಿದ್ದರೆ ಎಷ್ಟು ಶಿಕ್ಷೆ ಸರಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ದಾಖಲೆ ಸಾಕಾಗಬಹುದು. ಸಾಕ್ಷಿಗಳ ಹೇಳಿಕೆ ಅಲ್ಲಿದೆ, ಪಾಟೀಸವಾಲು ಇದೆ, ಓದಿ ತೂಗಬಹುದು. ಎರಡನೆಯದಕ್ಕೆ ಬೇಕಾದದ್ದು ಅಂದಿನ ದಾಖಲೆಗಳಲ್ಲಿ ಬಹುಮಟ್ಟಿಗೆ ಇರುತ್ತಲೇ ಇರಲಿಲ್ಲ. ಅವನ ನಿಜವಾದ ವಯಸ್ಸೆಷ್ಟು, ಮನೆಯಲ್ಲಿ ದುಡಿಯುವವರು ಯಾರು, ಜಗಳ ಎಬ್ಬಿಸಿದವರು ಯಾರು, ಗುಂಪಿನಲ್ಲಿ ಇವನು ಮುಂದಿದ್ದನೋ ಹಿಂದಿದ್ದನೋ, ವಿಚಾರಣೆಗೆ ಮುಂಚೆ ಎಷ್ಟು ತಿಂಗಳು ಹವಾಲಾತಿನಲ್ಲಿ ಕಳೆದ. ಶಿಕ್ಷೆಯ ಬಗ್ಗೆ ಪ್ರತ್ಯೇಕವಾಗಿ ಅಪರಾಧಿಯ ಮಾತು ಕೇಳಬೇಕೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 1973ರ ಸಂಹಿತೆಯಲ್ಲಿ. 1891ರಲ್ಲಿ ಸೆಷನ್ಸ್ ಜಡ್ಜ್ ಅಪರಾಧಿ ಎಂದ ಉಸಿರಿನಲ್ಲೇ ಏಳು ವರ್ಷ ಎನ್ನಬಹುದಿತ್ತು. ಹಾಗಾದಾಗ ಮೇಲ್ಮನವಿಯ ದಿನವೇ ಕೈದಿಗೆ ತನ್ನ ಬಗ್ಗೆ ಹೇಳಿಕೊಳ್ಳಲು ಉಳಿದಿದ್ದ ಒಂದೇ ದಿನ. ಆ ದಿನ ಅವನನ್ನು ಹೊರಗಿಟ್ಟರೆ, ಶಿಕ್ಷೆ ಇಳಿಸುವ ವಿವೇಚನಾಧಿಕಾರವನ್ನು ನ್ಯಾಯಾಧೀಶರು ಯಾವ ಆಧಾರದ ಮೇಲೆ ಚಲಾಯಿಸಬೇಕು? ಇಳಿಸಬಹುದು ಎಂಬ ಅಧಿಕಾರ ಇದ್ದೂ ಇಲ್ಲದಂತೆ.

ಕ್ರಿಮಿನಲ್ ಪ್ರಕರಣಗಳಲ್ಲಿ ಅವರ ಈ ಎಚ್ಚರ ಪೋಹ್ಪಿಯಲ್ಲಿ ಮೊದಲ ಬಾರಿಗೆ ಕಂಡದ್ದಲ್ಲ. 1884ರ ಬಾಬು ಲಾಲ್ ಪ್ರಕರಣದಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಯ ಪ್ರಶ್ನೆ ಬಂದಾಗ ಸಾಕ್ಷ್ಯ ಅಧಿನಿಯಮದ ಆ ಕಲಮುಗಳ ಬಗ್ಗೆ ಪ್ರತ್ಯೇಕವಾಗಿ ದೀರ್ಘವಾಗಿ ಬರೆದರು. 1885ರ ರಮ್ಝಾನ್ ಪ್ರಕರಣವಂತೂ ನಮ್ಮ ಓದುಗರಿಗೆ ಹತ್ತಿರದ್ದು. ಬನಾರಸಿನ ಮಸೀದಿಯೊಂದರಲ್ಲಿ ಜಮಾಅತ್ ನಮಾಝಿನ ವೇಳೆ ಗಟ್ಟಿಯಾಗಿ ಆಮೀನ್ ಹೇಳಿದರೆಂದು, ಧಾರ್ಮಿಕ ಸಭೆಗೆ ಅಡ್ಡಿ ಮಾಡಿದ ಅಪರಾಧದಡಿ ಕೆಲವರಿಗೆ ಶಿಕ್ಷೆಯಾಗಿತ್ತು. ಪ್ರಕರಣ ಹೈಕೋರ್ಟಿಗೆ ಬಂದಾಗ ಮಹಮೂದರು ಅರಬ್ಬಿ ಗ್ರಂಥಗಳನ್ನು ತಾವೇ ತೆರೆದು ನೋಡಿದರು. ಆಮೀನ್ ಹೇಳಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ, ಗಟ್ಟಿಯಾಗಿಯೋ ಮೆಲ್ಲಗೆಯೋ ಎಂಬುದಷ್ಟೇ ಮಝ್‌ಹಬ್‌ಗಳ ನಡುವಿನ ವ್ಯತ್ಯಾಸ ಎಂದು ತೋರಿಸಿದರು. ನಮಾಝಿನ ಭಾಗವಾದ ಮಾತನ್ನು ಮಸೀದಿಯಲ್ಲಿ ಪ್ರಾಮಾಣಿಕವಾಗಿ ಹೇಳಿದವನು ಅಪರಾಧಿಯಾಗುವುದು ಹೇಗೆ ಎಂಬುದು ಅವರ ಪ್ರಶ್ನೆ. ಮುಲ್ಲಾ ಮೌಲವಿಗಳ ಜಗಳ ಎಂದು ಬದಿಗೆ ಸರಿಸಿ ದಂಡವನ್ನು ಖಾಯಂ ಮಾಡುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ.

ಸಿವಿಲ್ ಕಡೆಯಲ್ಲೂ ಅವರ ಹೆಸರು ಉಳಿದಿದೆ. 1886ರ ಅಬ್ದುಲ್ ಖಾದಿರ್ ವಿರುದ್ಧ ಸಲೀಮಾ ಪ್ರಕರಣದಲ್ಲಿ ಮುಸ್ಲಿಂ ವಿವಾಹದ ಸ್ವರೂಪ ಮತ್ತು ಮಹರ್ ಕುರಿತು ಅವರು ಬರೆದದ್ದನ್ನು ಇಂದಿಗೂ ಕಾನೂನು ಕಾಲೇಜುಗಳಲ್ಲಿ ಓದಿಸುತ್ತಾರೆ. ಆ ತೀರ್ಪು ಬೇರೆಯೇ ಲೇಖನಕ್ಕೆ ವಸ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಅವರ ತೀರ್ಪುಗಳು ಬಹಳ ಉದ್ದ. ಒಂದು ಸಣ್ಣ ಪ್ರಶ್ನೆಗೂ ಮೂಲಕ್ಕೆ ಹೋಗಿ, ಗ್ರಂಥ ಗ್ರಂಥಗಳನ್ನು ತಿರುವಿ, ಪುಟಗಟ್ಟಲೆ ಬರೆಯುವುದು ಅವರ ಸ್ವಭಾವ. ಪೋಹ್ಪಿಯ ಭಿನ್ನ ತೀರ್ಪನ್ನೂ ಒಂದೇ ಕೂರುವಿಕೆಯಲ್ಲಿ ಓದುವುದು ಕಷ್ಟ. ತೀರ್ಪುಗಳು ತಡವಾಗುತ್ತಿದ್ದವು. ಮುಖ್ಯ ನ್ಯಾಯಾಧೀಶ ಸರ್ ಜಾನ್ ಎಡ್ಜ್ ಅವರೊಂದಿಗೆ ವಿರಸ ಬೆಳೆಯಿತು. ಕುಡಿತದ ಚಟವೂ ಅಂಟಿಕೊಂಡಿತ್ತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸಮಕಾಲೀನರೆಲ್ಲ ಬಲ್ಲ ಸಂಗತಿ ಇದು, ಅವರ ಪ್ರತಿಭೆಯನ್ನು ಮೆಚ್ಚಿದವರೇ ಹೆಚ್ಚು ನೊಂದದ್ದೂ ಇದಕ್ಕೇ. ಬಿಳಿಯ ಸಹೋದ್ಯೋಗಿಗಳ ಅಸಹನೆಯೇ ಎಲ್ಲಕ್ಕೂ ಕಾರಣವೆಂದು ಕೆಲವರು ಬರೆಯುತ್ತಾರೆ, ಕುಡಿತವೇ ಕಾರಣವೆಂದು ಇನ್ನು ಕೆಲವರು. ಎರಡರಲ್ಲೂ ನಿಜವಿದೆ ಎಂದೇ ನನಗೆ ತೋರುತ್ತದೆ. 1893ರಲ್ಲಿ, 43ರ ವಯಸ್ಸಿನಲ್ಲಿ, ಅವರು ಹೈಕೋರ್ಟನ್ನು ಬಿಟ್ಟು ಹೊರಬಂದರು.

ಪೀಠ ಬಿಟ್ಟ ಮೇಲೆ ಶಿಕ್ಷಣದ ಕೆಲಸಕ್ಕೆ ಮರಳಿದರು. 1781ರಿಂದ 1893ರ ವರೆಗಿನ ಭಾರತದ ಇಂಗ್ಲಿಷ್ ಶಿಕ್ಷಣದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 1895ರಲ್ಲಿ ಪ್ರಕಟಿಸಿದರು. ಮುಸ್ಲಿಮರು ಆಧುನಿಕ ಶಿಕ್ಷಣದಲ್ಲಿ ಎಷ್ಟು ಹಿಂದಿದ್ದಾರೆಂಬುದನ್ನು ಅಂಕಿ ಅಂಶಗಳಿಂದ ತೋರಿಸಿದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಅದು ಒಂದು. ಆದರೆ ಮನೆಯೊಳಗೆ ನೆಮ್ಮದಿ ಇರಲಿಲ್ಲ. ಮಗನ ಸ್ಥಿತಿ ಕೆಡುತ್ತ ಹೋಗಿ ಸರ್ ಸಯ್ಯದರು ತಮ್ಮ ಕೊನೆಯ ದಿನಗಳಲ್ಲಿ ಮನೆ ಬಿಟ್ಟು ಅಲಿಗಢದ ಮಿತ್ರರೊಬ್ಬರಲ್ಲಿ ಆಶ್ರಯ ಪಡೆಯಬೇಕಾಯಿತು. 1898ರ ಮಾರ್ಚ್ 27ರಂದು ಅವರು ಅಲ್ಲಿಯೇ ಕೊನೆಯುಸಿರೆಳೆದರು. ಆ ಬಳಿಕ ಕಾಲೇಜಿನ ಕಾರ್ಯದರ್ಶಿತ್ವ ಮಹಮೂದರಿಗೆ ಬಂತು, ಹೆಚ್ಚು ಕಾಲ ಉಳಿಯಲಿಲ್ಲ. ಟ್ರಸ್ಟಿಗಳು ಅವರನ್ನು ಬದಿಗೆ ಸರಿಸಿದರು. 1903ರ ಮೇ 8ರಂದು ಸೀತಾಪುರದಲ್ಲಿ ಬಂಧುವೊಬ್ಬರ ಮನೆಯಲ್ಲಿ ತೀರಿಕೊಂಡರು. 53 ತುಂಬಲು ಇನ್ನೂ ಎರಡು ವಾರವಿತ್ತು. ಅಲಿಗಢದ ಕಾಲೇಜು ಮಸೀದಿಯ ಪಕ್ಕ, ತಂದೆಯ ಮಗ್ಗುಲಲ್ಲಿ ಅವರನ್ನು ದಫನ ಮಾಡಲಾಯಿತು. 1889ರಲ್ಲಿ ಹುಟ್ಟಿದ ಅವರ ಮಗ ರಾಸ್ ಮಸೂದ್ 1929ರಲ್ಲಿ ಅಲಿಗಢ ವಿಶ್ವವಿದ್ಯಾನಿಲಯದ ಉಪಕುಲಪತಿಯಾದರು.

ಭಿನ್ನ ತೀರ್ಪು ಬರೆದವನಿಗೆ ಆ ದಿನ ಗೆಲುವಿಲ್ಲ. ಪೋಹ್ಪಿಯ ನಂತರವೂ ಕಾನೂನು ಬಹುಮತದ ದಾರಿಯಲ್ಲೇ ನಡೆಯಿತು. 1898ರ ಹೊಸ ಸಂಹಿತೆ ಆ ಕಲಮುಗಳನ್ನು ಹೆಚ್ಚು ಕಡಿಮೆ ಹಾಗೆಯೇ ಉಳಿಸಿಕೊಂಡಿತು. 1923ರ ತಿದ್ದುಪಡಿಯಲ್ಲಿ ಒಂದು ಸಣ್ಣ ಹೆಜ್ಜೆ: ಶಿಕ್ಷೆ ಯಾಕೆ ಹೆಚ್ಚಿಸಬಾರದೆಂದು ಹೈಕೋರ್ಟು ನೋಟೀಸು ಕೊಟ್ಟಾಗ, ಅಪರಾಧಿ ತಾನು ತಪ್ಪಿತಸ್ಥನೇ ಅಲ್ಲವೆಂದು ವಾದಿಸಬಹುದೆಂಬ ಅವಕಾಶ ಬಂತು. ಜೈಲಿನಿಂದ ಬಂದ ಅರ್ಜಿಯ ಪ್ರಶ್ನೆಗೆ ಉತ್ತರ ಸಿಗಲು 1973ರ ವರೆಗೆ ಕಾಯಬೇಕಾಯಿತು. ಆ ವರ್ಷದ ದಂಡ ಪ್ರಕ್ರಿಯಾ ಸಂಹಿತೆಯ 384ನೇ ಕಲಮು, ಜೈಲಿನಿಂದ ಬಂದ ಮೇಲ್ಮನವಿಯನ್ನೂ ಕೈದಿಗೆ ಮಾತಾಡಲು ಸೂಕ್ತ ಅವಕಾಶ ಕೊಡದೆ ತಳ್ಳಿಹಾಕಬಾರದೆಂದು ಹೇಳಿತು. ಮಹಮೂದರು ಬರೆದು 82 ವರ್ಷ ಕಳೆದಿತ್ತು.

1978ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣಕ್ಕೆ ನಮ್ಮ ನಾಡಿನ ನಂಟಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಮೊಹರನ್ನು ನಕಲು ಮಾಡಿ ಸುಳ್ಳು ಪದವಿ ಪತ್ರ ತಯಾರಿಸಲು ಯತ್ನಿಸಿದ ಒಬ್ಬ ಅಧ್ಯಾಪಕನದು ಅದು. ಸೆಷನ್ಸ್ ಕೋರ್ಟು ಅವನಿಗೆ ಕಲಾಪ ಮುಗಿಯುವ ವರೆಗಿನ ಸಾದಾ ಸಜೆ ಮತ್ತು ದಂಡ ವಿಧಿಸಿತು. ಸರಕಾರ ಮೇಲ್ಮನವಿ ಹೋದಾಗ ಬೊಂಬಾಯಿ ಹೈಕೋರ್ಟು ಅದನ್ನು ಮೂರು ವರ್ಷದ ಸಶ್ರಮ ಸಜೆಗೆ ಏರಿಸಿತು. ಒಂದೇ ಅಪರಾಧ, ಒಂದೇ ದಾಖಲೆ, ಕೆಳಗೆ ಒಂದು ಹಗಲು, ಮೇಲೆ ಮೂರು ವರ್ಷ! ಶಿಕ್ಷೆಯ ವಿವೇಚನೆ ಎಷ್ಟು ದೂರ ಹಿಗ್ಗಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಸುಪ್ರೀಂ ಕೋರ್ಟು ಹೆಚ್ಚಿಸಿದ ಶಿಕ್ಷೆಯಲ್ಲಿ ಕೈಹಾಕಲಿಲ್ಲ. ಆದರೆ ತೀರ್ಪಿನ ಪ್ರತಿ ಕೈದಿಗೆ ಸಕಾಲದಲ್ಲಿ ಉಚಿತವಾಗಿ ಸಿಗಬೇಕು, ಬಡತನದಿಂದ ವಕೀಲರನ್ನಿಡಲಾಗದ ಕೈದಿಗೆ ಮೇಲ್ಮನವಿಗಾಗಿ ಸರಕಾರದ ಖರ್ಚಿನಲ್ಲಿ ವಕೀಲರ ನೆರವು ಕೊಡಬೇಕು ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದೇ ತೀರ್ಪಿನಲ್ಲಿ ಸ್ಪಷ್ಟಪಡಿಸಿದರು. ಮುಂದೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಲ್ಲಿ ಬಂಧನದಲ್ಲಿರುವ ಪ್ರತಿಯೊಬ್ಬರೂ ಉಚಿತ ಕಾನೂನು ನೆರವಿಗೆ ಅರ್ಹರೆಂದು ಬರೆಯಲಾಯಿತು. 1996ರಲ್ಲಿ ಬನಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಾಜರಿಲ್ಲದವನ ಮೇಲ್ಮನವಿಯನ್ನು ದಾಖಲೆ ಓದಿ ತೀರ್ಮಾನಿಸಬಹುದೆಂದು ಹೇಳುತ್ತಲೇ, ಅವನು ಜೈಲಿನಲ್ಲಿದ್ದು ತಾನಾಗಿ ಬರಲಾರದ ಸ್ಥಿತಿಯಲ್ಲಿದ್ದರೆ ದಿನಾಂಕ ಮುಂದೂಡುವುದು ಒಳ್ಳೆಯದು, ಸರಕಾರದ ಖರ್ಚಿನಲ್ಲಿ ವಕೀಲರನ್ನು ನೇಮಿಸಲೂ ಅಡ್ಡಿಯಿಲ್ಲ ಎಂದಿತು.

2024ರ ಜುಲೈ 1ರಿಂದ 1973ರ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೆಯ 384 ಅಲ್ಲಿ 425 ಆಗಿದೆ. ಜೈಲಿನ ಅರ್ಜಿಗೆ ಸಿಕ್ಕ ರಕ್ಷಣೆ ಹಾಗೆಯೇ ಇದೆ. ಅದಕ್ಕಿದ್ದ ವಿನಾಯಿತಿಯೂ ಹಾಗೆಯೇ ಇದೆ: ಮೇಲ್ಮನವಿ ಕ್ಷುಲ್ಲಕವೆಂದು ನ್ಯಾಯಾಲಯಕ್ಕೆ ಕಂಡರೆ, ಅಥವಾ ಕೈದಿಯನ್ನು ಕರೆತರುವ ಅನಾನುಕೂಲ ಪ್ರಕರಣದ ಸಂದರ್ಭಕ್ಕೆ ಮೀರಿದ್ದೆಂದು ಕಂಡರೆ, ಕೇಳದೆಯೇ ತಳ್ಳಿಹಾಕಬಹುದು. ಹಾಗೆ ಕಾಣುವುದೋ ಇಲ್ಲವೋ ಎಂಬುದು ಮತ್ತೆ ನ್ಯಾಯಾಧೀಶರ ವಿವೇಚನೆಗೇ ಬಿಟ್ಟದ್ದು.